ಮನಸ್ಸಿನಲ್ಲೇ ಅಳೆದ ರಾಗಿ

ನನ್ನ ನೆನಪಿನ ಬಗ್ಗೆ ನನಗೆ ಯಾವ ಭ್ರಮೆಯೂ ಇಲ್ಲ. ಹಳೆಯ ಸಂಗತಿಗಳೇನೋ ಬೇಕಾದಷ್ಟಿವೆ. ಅವುಗಳಲ್ಲಿ ಅರ್ಧ ನಾನೇ ಹೊಸೆದದ್ದಿರಬಹುದು, ಯಾರೂ ಪರೀಕ್ಷಿಸಲು ಬರುವುದಿಲ್ಲ. ತೊಂದರೆ ಈಗತಾನೇ ಕೇಳಿಸಿಕೊಂಡದ್ದರದು. ಅರಸೀಕೆರೆಯ ನಮ್ಮ ಮನೆಯಲ್ಲಿ ಹುಣಸೆಹಣ್ಣು ತರಲೆಂದು ಉಗ್ರಾಣಕ್ಕೆ ಹೋಗಿ, ಮೇಷ್ಟರ ಗಾಂಭೀರ್ಯದಿಂದ ಗೋಡೆ ನೋಡುತ್ತ ನಿಲ್ಲುತ್ತೇನೆ. "ಇರೋದೇ ಎಂಟು ಹೆಜ್ಜೆ ಕಣ್ರೀ, ಅಷ್ಟರಲ್ಲಿ ಎಲ್ಲಿ ಚೆಲ್ಕೊಂಡ್ರಿ?" ಎನ್ನುತ್ತಾಳೆ ನನ್ನ ಹೆಂಡತಿ ಗಿರಿಜಾ.

ಮನೆಯೊಳಗೆ ಇದು ಹೇಗೋ ನಡೆಯುತ್ತಿತ್ತು. ಆದರೆ ನಮ್ಮ ವಂಶದಲ್ಲಿ ಕೊಳಗ ಹಿಡಿಯುವವನು ನಾನು. ಹುಲಿಕೆರೆಯಲ್ಲಿ ಅಣ್ಣ ಬೆಳೆಯುವ ರಾಗಿಯನ್ನು ಎರಡು ಮನೆಗೆ ಹಂಚುವಾಗ ತಕ್ಕಡಿ ತರುವಂತಿಲ್ಲ, ಅಪ್ಪನ ಕಾಲದ ಕೊಳಗವೇ ಆಗಬೇಕು. ಓದಿದವನೆಂದು ಅಪ್ಪ ಅದನ್ನು ನನ್ನ ಕೈಗೆ ಕೊಟ್ಟಿದ್ದರು. ಉಳುವುದು, ಬಿತ್ತುವುದು, ಬಡಿಯುವುದು ಎಲ್ಲ ಅಣ್ಣನದು. ಆ ಊರಿನಲ್ಲಿ ನನಗೆ ಉಳಿದದ್ದು ಇದೊಂದೇ ಅಧಿಕಾರ. ಹಿಂದಿನ ವರ್ಷ ಅಳೆಯುವಾಗ ಒಂದು ಸೀನು ಬಂತು. ಹದಿನೇಳೋ ಹದಿನೆಂಟೋ ತಿಳಿಯದೆ ನಿಂತೆ. ಚೀಲಗಳನ್ನೆಲ್ಲ ಮತ್ತೆ ಸುರಿಯಬೇಕಾಯಿತು. "ಇನ್ನೊಂದು ಸಲ ಹಿಂಗಾದ್ರೆ ಕೊಳಗ ನನ್ ಕೈಗೆ ಬತ್ತೈತೆ, ನೋಡ್ಕೊ," ಎಂದ ಅಣ್ಣ.

ಅವನ ಮಗಳು ಸುಧಾ ಮೈಸೂರಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದಳು. ಸುಗ್ಗಿಗೆ ಮುಂಚೆ ಅವಳು ನನ್ನ ನೆನಪಿಗೆ ಸಾಣೆ ಹಿಡಿಯಲೆಂದು ಗುರುಗಳ ಅನುಮತಿ ಪಡೆದು, ಸೋಪಿನ ಡಬ್ಬಿಯಷ್ಟು ದೊಡ್ಡ ಯಂತ್ರವೊಂದನ್ನು ಹಿಡಿದು ನಮ್ಮ ಮನೆಗೆ ಬಂದಳು. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜುಗಳನ್ನು ಹಣೆಗೆ ಪಟ್ಟಿಯಿಂದ ಬಿಗಿದು, ಇದ್ದೂ ಇಲ್ಲದಷ್ಟು ಕರೆಂಟು ಹಾಯಿಸುವುದು. ಚರ್ಮ ಕೊಯ್ಯಬೇಕಿಲ್ಲ, ಮಾತ್ರೆ ನುಂಗಬೇಕಿಲ್ಲ. ಹಣೆಯ ಮೇಲೆ ಇರುವೆ ಹರಿದಂತಾಯಿತು, ಅಷ್ಟೆ. "ನಾನು ಅಂಕಿ ಹೇಳ್ತಾ ಹೋಗ್ತೀನಿ ಚಿಕ್ಕಪ್ಪ. ಪ್ರತಿ ಸಲ ಅದಕ್ಕಿಂತ ಎರಡು ಅಂಕಿ ಹಿಂದೆ ಏನು ಹೇಳಿದ್ದೆ ಅಂತ ನೀವು ಹೇಳ್ತಾ ಬರಬೇಕು," ಎಂದಳು. ನಾನು ಕೊಳಗ ಅಳೆಯುವ ಅಭ್ಯಾಸಬಲದಿಂದ ಪ್ರತಿ ಅಂಕಿಯನ್ನೂ ಜಪಿಸತೊಡಗಿದೆ. "ಗೊಣಗಬಾರದು. ಮನಸ್ಸಿನಲ್ಲೇ ಹಿಡ್ಕೊಳ್ಳಿ." ಹಿಡಿದುಕೊಂಡೆ. ನಾಲ್ಕನೆಯ ದಿನ ಬಹುತೇಕ ಎಲ್ಲವೂ ಸರಿಯಾದವು. "ಇದು ಕರೆಂಟಿಂದಾನೋ, ದಿನಾ ಮಾಡಿ ಮಾಡಿ ಬಂದಿದ್ದೋ ಹೇಳಕ್ಕಾಗಲ್ಲ. ಕೆಲವರಿಗೆ ಏನೂ ಆಗೋದೇ ಇಲ್ಲ," ಎಂದಳು ಸುಧಾ. ನಾನು ಆಗಲೇ ಕನ್ನಡಿಯ ಮುಂದೆ ನಿಂತು ಹಣೆ ನೋಡಿಕೊಳ್ಳುತ್ತಿದ್ದೆ.

ಹಂಚಿಕೆಯ ದಿನ ನಾನು, ಗಿರಿಜಾ, ಸುಧಾ ಮೂವರೂ ಹುಲಿಕೆರೆಗೆ ಹೋದೆವು. ಸಾಧಾರಣವಾಗಿ ಮೊದಲ ಕೊಳಗಕ್ಕೆ ಒಂದು ಎನ್ನದೆ "ಲಾಭ" ಎನ್ನಬೇಕು. ಎರಡನೆಯದು ಬೀಳುವ ತನಕ ಲಾಭ, ಲಾಭ ಎಂದು ಹೇಳುತ್ತಲೇ ಇರಬೇಕು. ಆಮೇಲೆ ಎರಡು, ಎರಡು, ಎರಡು. ಇದೆಲ್ಲ ದುರ್ಬಲ ಮಿದುಳಿನವರ ಊರುಗೋಲೆಂದು ನನಗೆ ಅಂದು ಖಚಿತವಾಗಿತ್ತು. ತುಟಿ ಬಿಗಿದು ಅಳೆದೆ. ಸೀನು ಬಂತು, ನಾನು ಜಗ್ಗಲಿಲ್ಲ. ಕೊನೆಗೆ ಕೊಳಗವನ್ನು ಬೋರಲು ಹಾಕಿ ಸಂಖ್ಯೆ ಘೋಷಿಸಿದೆ.

ಚೀಲದ ಬಾಯಿ ಕಟ್ಟಲು ಯಾರೂ ಮುಂದೆ ಬರಲಿಲ್ಲ.

"ಏನ್ಲಾ, ಮೌನವ್ರತವೇನ್ಲಾ?" ಎಂದ ಅಣ್ಣ.

"ಲೆಕ್ಕ ಸರಿಯಾಗಿದೆ. ಎಲ್ಲ ನನ್ನ ತಲೆಯಲ್ಲಿದೆ."

"ನಿನ್ ತಲೆಯೊಳಗೆ ಇದ್ರೆ ನಮಗೇನ್ ಬಂತು? ಕಿವಿಗೆ ಬೀಳದ ಲೆಕ್ಕಾನ ನಾನು ಹೆಂಗ್ಲಾ ಒಪ್ಪಲಿ?"

ಚೀಲಗಳನ್ನು ಮತ್ತೆ ಸುರಿದರು. ಕೊಳಗ ಅಣ್ಣನ ಕೈಗೆ ಹೋಯಿತು. ಅವನು ಲಾಭ ಎಂದ. ಅತ್ತಿಗೆ, ಗಿರಿಜಾ, ಕಣದ ಆಳುಗಳು ಎಲ್ಲರೂ ಲಾಭ, ಲಾಭ ಎಂದು ದನಿಗೂಡಿಸಿದರು. ವಿಜ್ಞಾನದ ವಿದ್ಯಾರ್ಥಿನಿ ಸುಧಾ ಕೂಡ ಲಜ್ಜೆಯಿಲ್ಲದೆ ಗೊಣಗುತ್ತಿದ್ದಳು. ನಡುವೆ ಅಣ್ಣನಿಗೂ ಸೀನು ಬಂತು. ಜಪ ಅವನ ಬಾಯಲ್ಲಿ ನಿಂತರೂ ಕಣದಲ್ಲಿ ನಿಲ್ಲಲಿಲ್ಲ. ಕೊನೆಯ ಲೆಕ್ಕ ಮೂವತ್ತೊಂದು.

"ನಾನೂ ಅದನ್ನೇ ಹೇಳಿದ್ದೆ!" ಎಂದು ಕೂಗಿದೆ.

"ಇಪ್ಪತ್ತೊಂಬತ್ತು ಅಂದ್ರಿ," ಎಂದಳು ಗಿರಿಜಾ. ಅತ್ತಿಗೆಗೆ ಮೂವತ್ತೆರಡು ಎಂದು ಕೇಳಿಸಿತ್ತಂತೆ. ಸುಧಾಳ ಕಡೆ ನೋಡಿದೆ. ಅವಳು ಬರೆದುಕೊಂಡಿರಲಿಲ್ಲ.

ಈಗ ಕೊಳಗ ಅಣ್ಣನ ಮನೆಯ ಅಟ್ಟದ ಮೇಲಿದೆ. ಅಳತೆಯ ದಿನ ಎಲ್ಲರಿಗಿಂತ ಗಟ್ಟಿಯಾಗಿ ಜಪಿಸುವವನು ನಾನೇ. ಆದರೂ ಅಂದು ನಾನು ಹೇಳಿದ್ದು ಮೂವತ್ತೊಂದೇ. ಮೂವತ್ತೊಂದು, ಮೂವತ್ತೊಂದು, ಮೂವತ್ತೊಂದು. ಇಷ್ಟು ವರ್ಷ ಬಿಡದೆ ಹೇಳಿಕೊಂಡು ಬಂದಿದ್ದೇನೆ, ತಪ್ಪಾಗಿರಲು ಹೇಗೆ ಸಾಧ್ಯ?