ಮಾವನ ಟಿಕ್‌ಟಿಕ್ ಡಬ್ಬಿ

ನಮ್ಮ ಸೋದರಮಾವನಷ್ಟು ಬುದ್ಧಿವಂತರು ಇಡೀ ಹೈದರಾಬಾದ್ ಸಂಸ್ಥಾನದಲ್ಲೇ ಇರಲಿಲ್ಲ. ಹಾಗಂತ ಹೇಳಿದವರು ಯಾರು ಎನ್ನುತ್ತೀರಾ? ಅವರೇ!

ನಮ್ಮೂರಿನ ಶಹಾಬಜಾರದ ಓಣಿಯಲ್ಲಿ ಅವರದೊಂದು ಅಂಗಡಿ. ರೇಡಿಯೋ, ಗಡಿಯಾರ, ಕ್ಯಾಮೆರಾ, ಕೆಟ್ಟದ್ದು ಏನು ಬಂದರೂ ಬಿಚ್ಚುತ್ತಿದ್ದರು. ಜೋಡಿಸಿದ ಮೇಲೆ ಎರಡು ಸ್ಕ್ರೂ ಉಳಿದರೆ, "ಇವು ಮೊದಲೇ ಹೆಚ್ಚಾಗಿದ್ವು ರೀ" ಎಂದು ಗಿರಾಕಿಯ ಕೈಗೇ ಹಾಕುತ್ತಿದ್ದರು. ಓಣಿಯವರ ಫೋಟೋಗಳನ್ನೆಲ್ಲ ತೆಗೆದವರೂ ಅವರೇ. ಅವರ ಹೆಂಡತಿಗೆ, ಅಂದರೆ ನಮ್ಮತ್ತೆಗೆ, ಗಂಡನ ಜೊತೆ ಕೂತ ಒಂದೇ ಒಂದು ಫೋಟೋ ಇರಲಿಲ್ಲ. ಕ್ಯಾಮೆರಾ ಇನ್ನೊಬ್ಬರ ಕೈಗೆ ಕೊಡುವುದೆಂದರೆ ಮಾವನಿಗೆ ಜೀವ ಹೋದಂತೆ.

"ಲಗ್ನಾಗಿ ಹತ್ತು ವರ್ಷಾತು. ನಾ ಒಬ್ಬಾಕಿನೇ ಕೂತ ಫೋಟೋ ನೋಡಿದವರು ಏನಂದಾರು?" ಎಂದು ಅತ್ತೆ ಒಂದು ದಿನ ಕಣ್ಣೀರು ತೆಗೆದರು.

ಅಷ್ಟೇ ಸಾಕಾಯಿತು. ಮಾವ ಅಲಾರಂ ಗಡಿಯಾರವನ್ನು ಬಿಚ್ಚಿ, ಡಬ್ಬಿಯಲ್ಲಿಟ್ಟು, ದಾರದಿಂದ ಕ್ಯಾಮೆರಾಕ್ಕೆ ಬಿಗಿದರು. ಕೀಲಿ ಕೊಟ್ಟು ಓಡಿಹೋಗಿ ಕೂತರೆ ಫೋಟೋ ತಾನೇ ಬೀಳಬೇಕು! ಪೇಟೆಂಟ್ ಕೊಡಿರೆಂದು ಹೈದರಾಬಾದಿಗೆ ಉರ್ದುವಿನಲ್ಲಿ ಅರ್ಜಿ ಹೋಯಿತು. ಉತ್ತರ ಬರುವಷ್ಟರಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ಸಂಸ್ಥಾನದ ಸರ್ಕಾರವೇ ಹೋಯಿತು.

"ನನ್ನ ಅರ್ಜಿ ನೋಡೇ ಗಾಬರಿಯಾಗ್ಯಾರ!" ಎಂದರು ಮಾವ. ಹೊಸ ಸರ್ಕಾರಕ್ಕೆ ಇಂಗ್ಲಿಷಿನಲ್ಲಿ ಇನ್ನೊಂದು ಅರ್ಜಿ ಬರೆಸಿದರು.

ಆ ದಿನಗಳಲ್ಲೇ ಜೋಡಿ ಫೋಟೋ ತೆಗೆಯಲು ಡಬ್ಬಿ, ಕ್ಯಾಮೆರಾ ಹಿಡಿದು ಅತ್ತೆಯ ತವರು ಕಮಲಾಪುರಕ್ಕೆ ಬಸ್ಸಿನಲ್ಲಿ ಹೊರಟೆವು. ನಾನಾಗ ಏಳು ವರ್ಷದವಳು. ದಾರಿಯಲ್ಲಿ ಸಿಪಾಯಿಗಳ ತಪಾಸಣೆ. ಮಾವನ ತೊಡೆಯ ಮೇಲೆ ಡಬ್ಬಿ ಟಿಕ್‌ಟಿಕ್ ಎನ್ನುತ್ತಿದೆ! ಬಸ್ಸಿನ ಜನ ಒಂದೇ ಉಸಿರಿಗೆ ಕೆಳಗೆ ಹಾರಿದರು.

"ಕ್ಯಾ ಹೈ ಇಸ್ಮೆ?" ಸಿಪಾಯಿ ಬಂದೂಕು ಎತ್ತಿದ.

"ನನ್ನ ಪೇಟೆಂಟ್ ಅದರಿ. ಮುಟ್ಟಬ್ಯಾಡ್ರಿ, ಕೆಡ್ತದ!"

ಅತ್ತೆ ನಡುವೆ ನುಗ್ಗಿ "ಫೋಟೋ, ಫೋಟೋ!" ಎಂದು ಕೂಗದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಕೊನೆಗೆ ಅದೇ ಸಿಪಾಯಿ ಟೋಪಿ ಸರಿಮಾಡಿಕೊಂಡು, "ಮೇರಾ ಭೀ ಏಕ್" ಎಂದು ಎದೆಯುಬ್ಬಿಸಿ ನಿಂತ.

ಕಮಲಾಪುರದ ಅಂಗಳದಲ್ಲಿ ಅತ್ತೆ ಇಳಕಲ್ ಸೀರೆಯುಟ್ಟು, ಉಸಿರು ಬಿಗಿಹಿಡಿದು ಕೂತರು. ಫೋಟೋದಲ್ಲಿ ಹೆಂಗಸರು ನಕ್ಕರೆ ಆಗ ಮರ್ಯಾದೆಯೇ ಹೋಗುತ್ತಿತ್ತು. ಮಾವ ಕೀಲಿ ಕೊಟ್ಟು ಓಡಿದರು. ಧೋತರ ಕಾಲಿಗೆ ತೊಡಕಿತು. ಖಟ್!

ಕೆಲವು ತಿಂಗಳ ಮೇಲೆ ಸರ್ಕಾರದ ಕಾಗದ ಬಂತು. ಇಂಥ ಯಂತ್ರ ವಿಲಾಯತಿಯಲ್ಲಿ ಎಂದೋ ಆಗಿದೆ, ಪೇಟೆಂಟ್ ಇಲ್ಲ. ಮಾವ ಎರಡು ದಿನ ಅಂಗಡಿ ತೆರೆಯಲಿಲ್ಲ. ಕೆಟ್ಟ ಗಡಿಯಾರ ಎದುರಿಗಿದ್ದರೂ ಅವರು ಬಿಚ್ಚದೆ ಕೂತದ್ದನ್ನು ಮೊದಲ ಸಲ ನೋಡಿ ನನಗೆ ಅಳುವೇ ಬಂತು.

ಅತ್ತೆ ಆ ಕಾಗದವನ್ನು ಮುಟ್ಟಲೂ ಇಲ್ಲ. ಗೋಡೆಗೆ ಮೊಳೆ ಹೊಡೆದು ಕಮಲಾಪುರದ ಫೋಟೋ ತೂಗುಹಾಕಿದರು. ಅದರಲ್ಲಿ ಮಾವ ಬರೀ ಮಸುಕು, ಒಂದು ಕಾಲು ಗಾಳಿಯಲ್ಲಿ. ಪಕ್ಕದಲ್ಲಿ ಅತ್ತೆ, ಮರ್ಯಾದೆ ಗಿರ್ಯಾದೆ ಎಲ್ಲ ಮರೆತು, ಬಾಯಿತುಂಬ ನಗುತ್ತಿದ್ದಾರೆ.

"ವಿಲಾಯತ್ಯಾಗ ಅವರು ತಮ್ಮ ಹೆಂಡರಿಗಿ ಮಾಡಿರಬೇಕು," ಎಂದರು ಅತ್ತೆ. "ನನಗಂತ ಮಾಡಿದ್ದು ಇದೊಂದೇ ಅದರಿ."