ಕಾರಿಗೆ ನನ್ನ ಗುರುತು ಸಿಗಲಿಲ್ಲ

ನನ್ನ ದೊಡ್ಡ ದೋಷವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾರಾದರೂ ನನ್ನೆದುರು ‘ಆಗೋದಿಲ್ಲ’ ಎಂದರೆ ಸಾಕು, ಮೈಯೆಲ್ಲ ಉರಿಯುತ್ತದೆ. ಅದು ನನಗೆ ಬೇಕಾದ ಕೆಲಸವೇ ಆಗಿರಬೇಕೆಂದಿಲ್ಲ. ಎದುರಿಗಿರುವವರು ಆಗೋದಿಲ್ಲ ಎಂದರಲ್ಲ, ಅಷ್ಟಕ್ಕೇ ಅದನ್ನು ಆಗಿಸಿ ತೋರಿಸಬೇಕೆಂದು ಸೆರಗು ಸೊಂಟಕ್ಕೆ ಸಿಕ್ಕಿಸುತ್ತೇನೆ. ಮಡಕಶಿರಾದ ತವರಿನಲ್ಲಿದ್ದಾಗ ಈ ಗುಣವನ್ನು ಛಲ ಎನ್ನುತ್ತಿದ್ದರು. ಮದುವೆಯಾಗಿ ರಾಯದುರ್ಗಕ್ಕೆ ಬಂದ ಮೇಲೆ ಅದೇ ಗುಣಕ್ಕೆ ಮೊಂಡುತನ ಎಂದು ಹೆಸರಾಯಿತು. ಹುಡುಗಿಯ ಮನೆತನದ ಹೆಸರು ಬದಲಾಗುವಾಗ ಅವಳ ಗುಣಗಳ ಹೆಸರೂ ಬದಲಾಗುತ್ತವೆ ಎಂದು ಆಗಲೇ ತಿಳಿದುಕೊಂಡೆ.

ರಾಯದುರ್ಗದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಘಟಕವಿದೆ. ಎಂಟು ಮಿಷನ್ನು, ಆರು ಜನ ಹೆಣ್ಣುಮಕ್ಕಳು, ಮತ್ತು ನಾನು. ಜೀನ್ಸ್ ಪ್ಯಾಂಟು ಹೊಲಿಯುತ್ತೇವೆ. ಅದರಲ್ಲೂ ಜೇಬು ನನ್ನ ಪಾಲಿನದು. ನಾನು ಹೊಲಿದ ಜೇಬು ಪ್ಯಾಂಟು ಹರಿದರೂ ಹರಿಯುವುದಿಲ್ಲ ಎಂದು ವ್ಯಾಪಾರಿಗಳೇ ಹೇಳುತ್ತಾರೆ. ಇದನ್ನು ಈಗ ಹೆಮ್ಮೆಗೆಂದು ಹೇಳುತ್ತಿಲ್ಲ, ಮುಂದೆ ಹೇಳಲಿರುವ ಸಂಗತಿಗೆ ನೀವು ಸರಿಯಾಗಿ ನಗಬೇಕೆಂದು ಹೇಳುತ್ತಿದ್ದೇನೆ.

ನಲವತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಕಾರು ಕಲಿತೆ. ಅದಕ್ಕೂ ಕಾರಣ ‘ಈ ವಯಸ್ಸಿನಾಗ ಆಗೋದಿಲ್ಲ ಬಿಡು’ ಎಂಬ ನಮ್ಮ ಯಜಮಾನರ ಮಾತೇ. ಕಲಿತ ಮೇಲೆ ಕಣೇಕಲ್ಲಿನ ಅಕ್ಕಿ ವ್ಯಾಪಾರಿ ಬಸವರಾಜಪ್ಪನವರಿಂದ ಒಂದು ಹಳೆಯ ಕಾರು ಕೊಂಡೆ. ‘ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸ್ಕೊಳ್ರಿ ಅಮ್ಮಾ, ಒಂದಿನ ಬರ್ರಿ, ಕಾಗದಕ್ಕ ಸಹಿ ಹಾಕ್ತೀನಿ’ ಎಂದು ಅವರು ಹೇಳಿದ್ದರು. ಕಾರು ನನ್ನ ಮನೆ ಮುಂದೆ ನಿಂತಿದೆ, ಓಡಿಸುವವಳು ನಾನು, ಪೆಟ್ರೋಲು ಹಾಕಿಸುವವಳು ನಾನು, ಇನ್ನು ಯಾವುದೋ ಆಫೀಸಿನವರು ಬಂದು ಅದು ನನ್ನದೆಂದು ಹೇಳಬೇಕೇ ಎಂಬ ಧಿಮಾಕಿನಲ್ಲಿ ಎರಡು ವರ್ಷ ಕಳೆದೆ.

ಹೋದ ಬೇಸಿಗೆಯಲ್ಲಿ ಮಡಕಶಿರಾದ ಅಕ್ಕನನ್ನು ನೋಡಲು ಒಬ್ಬಳೇ ಕಾರು ಓಡಿಸಿಕೊಂಡು ಹೋಗುತ್ತೇನೆ ಎಂದೆ. ಅಷ್ಟು ದೂರ ನಾನು ಒಬ್ಬಳೇ ಹೋದದ್ದಿರಲಿಲ್ಲ. ಯಜಮಾನರು ತಲೆ ಕೆಡಿಸಿಕೊಂಡರು. ‘ಕಲ್ಯಾಣದುರ್ಗ ದಾಟೋದ್ರಾಗ ನಿನ್ನ ಫೋನ್ ಬರ್ತೈತಿ ನೋಡು, ಗಾಡಿ ನಿಂತೈತಿ ಬರ್ರಿ ಅಂತ’ ಎಂದರು. ಕಲ್ಯಾಣದುರ್ಗ ದಾಟಿದೆ. ಮಡಕಶಿರಾ ಮುಟ್ಟಿದೆ. ಅಕ್ಕನ ಮನೆ ಮುಂದೆ ಬೇಕೆಂದೇ ಎರಡು ಸಲ ಹಾರನ್ ಹೊಡೆದೆ. ಬೀದಿಯ ಜನವೆಲ್ಲ ಬಾಗಿಲಿಗೆ ಬಂದು ನೋಡಿದರು. ಆ ಕ್ಷಣಕ್ಕೆ ಯಾರಾದರೂ ಹಾರ ತಂದಿದ್ದರೆ ಕೊರಳು ಬಗ್ಗಿಸುವವಳೇ ಇದ್ದೆ.

ಮರುದಿನ ಬೆಳಿಗ್ಗೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮರಾಪುರದ ದಾರಿಯಲ್ಲಿರುವ ಅವಳ ಶೇಂಗಾ ಹೊಲಕ್ಕೆ ಹೊರಟೆ. ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಬೀಗ ಹಾಕಿ, ಕೀಲಿಕೈಯನ್ನು ಕುರ್ತಾದ ಜೇಬಿಗಿಳಿಸಿದೆ. ಆ ಜೇಬನ್ನು ನಾನೇ ಹೊಲಿದಿದ್ದೆ. ಅಕ್ಕ ‘ಈ ಸಲ ಬಾವೀಲಿ ನೀರು ಚೆನ್ನಾಗೈತೆ, ಬಗ್ಗಿ ನೋಡೇ’ ಎಂದಳು. ಬಗ್ಗಿ ನೋಡಿದೆ. ಕೆಳಗಿನಿಂದ ‘ಗುಳುಂ’ ಎಂಬ ಸದ್ದು ಬಂತು.

‘ಮೀನಿರಬೇಕು’ ಎಂದಳು ಅಕ್ಕ.

ಜೇಬಿಗೆ ಕೈ ಹಾಕಿದೆ. ಜೇಬಿನ ತಳದಿಂದ ಎರಡು ಬೆರಳು ಆಚೆ ಬಂದವು. ಊರವರ ಜೇಬನ್ನೆಲ್ಲ ಮೂರು ಹೊಲಿಗೆ ಹಾಕಿ ಭದ್ರ ಮಾಡುವವಳು ನನ್ನ ಜೇಬಿಗೆ ಒಂದೇ ಹೊಲಿಗೆ ಹಾಕಿ, ಆಮೇಲೆ ಇನ್ನೊಂದು ಹಾಕಿದರಾಯಿತು ಎಂದು ಬಿಟ್ಟಿದ್ದೆ. ಬಾವಿ ಆಳವಾದದ್ದು, ತಳದಲ್ಲಿ ಹೂಳು. ಇಳಿದು ಹುಡುಕುವ ಮಾತೇ ಇರಲಿಲ್ಲ.

ಪುಣ್ಯಕ್ಕೆ ಫೋನು ಕೈಯಲ್ಲೇ ಇತ್ತು. ಕಾರು ಕಂಪನಿಯ ದೊಡ್ಡ ಶೋರೂಮಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ತೆಲುಗಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದಳು. ‘ಹೊಸ ಕೀ ಕೊಡ್ತೀವಿ ಮೇಡಂ, ಗಾಡಿ ಇಲ್ಲಿಗೆ ತಗೊಂಡು ಬನ್ನಿ’ ಎಂದಳು. ಕೀ ಇಲ್ಲದೆ ಗಾಡಿ ಹೇಗೆ ಬರುತ್ತದಮ್ಮಾ ಎಂದೆ. ‘ಹಾಗಾದರೆ ಇನ್ನೊಂದು ಕೀ ತಗೊಂಡು ಬನ್ನಿ’ ಎಂದಳು. ಇನ್ನೊಂದು ಕೀ ಇದ್ದಿದ್ದರೆ ನಿನಗೇಕೆ ಫೋನ್ ಮಾಡುತ್ತಿದ್ದೆ ತಾಯೀ ಎಂದೆ. ಅವಳಿಗೂ ಅದು ಸರಿ ಎನಿಸಿರಬೇಕು, ಗಾಡಿಯನ್ನು ಲಾರಿಯ ಮೇಲೆ ಹೇರಿಸಿಕೊಂಡು ಬನ್ನಿ, ಕೀ ಕಂಪನಿಯಿಂದ ಬರಲು ಮೂರು ವಾರ ಆಗುತ್ತದೆ ಎಂದಳು. ಅಲ್ಲಿಯವರೆಗೆ ಏನೂ ಆಗೋದಿಲ್ಲವಾ ಎಂದು ಕೇಳಿದೆ. ‘ಆಗೋದಿಲ್ಲ ಮೇಡಂ’ ಎಂದುಬಿಟ್ಟಳು. ಪಾಪ, ಅವಳಿಗೆ ನನ್ನ ರೋಗ ಗೊತ್ತಿರಲಿಲ್ಲ.

ಅಷ್ಟರಲ್ಲಿ ಯಜಮಾನರ ಫೋನ್ ಬಂತು. ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಇದ್ದದ್ದು ಹೇಳಿದೆ. ಅವರು ಬೈಯಲಿಲ್ಲ, ನಗಲಿಲ್ಲ. ಬಹಳ ಮೃದುವಾಗಿ ‘ಹೋಗ್ಲಿ ಬಿಡು. ನೀನು ಬಸ್ಸಿಗೆ ಬಂದುಬಿಡು. ಗಾಡಿ ಆಮ್ಯಾಲ ಯಾರನ್ನಾದ್ರೂ ಕಳಿಸಿ ತರಿಸೋಣು’ ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೃದುತನ ಇದೆಯಲ್ಲ, ಅದರೊಳಗೆ ಮುಂದಿನ ಇಪ್ಪತ್ತು ವರ್ಷ ನನಗೆ ಕಾಣಿಸಿತು. ಒಮ್ಮೆ ಬಸ್ಸಿನಲ್ಲಿ ಹಿಂದಿರುಗಿದೆನೆಂದರೆ ಮುಗಿಯಿತು. ಇನ್ನು ಮೇಲೆ ನಾನು ಕಾರಿನ ಬಾಗಿಲಿಗೆ ಕೈ ಹಾಕಿದಾಗಲೆಲ್ಲ ಮನೆಯಲ್ಲಿ ಯಾರೋ ಒಬ್ಬರು ‘ಅವತ್ತು ಏನಾಯ್ತು ಗೊತ್ತಲ್ಲ’ ಎನ್ನುತ್ತಾರೆ, ಪ್ರೀತಿಯಿಂದಲೇ ಎನ್ನುತ್ತಾರೆ, ಮತ್ತು ಕಾರಿನ ಮೇಲೆ ಮೆಲ್ಲಗೆ ಶೇಂಗಾ ಒಣಹಾಕಲು ಶುರು ಮಾಡುತ್ತಾರೆ. ‘ನಾನು ಬಂದರೆ ಕಾರಿನಾಗೇ ಬರೋದು. ಇಲ್ಲಂದ್ರ ಇಲ್ಲೇ ಅಕ್ಕನ ಜೊತೆ ಕಳೆ ಕೀಳ್ತೀನಿ’ ಎಂದು ಫೋನಿಟ್ಟೆ.

ಅಕ್ಕ ನಿಧಾನಸ್ಥೆ. ‘ನಮ್ಮ ಬಸ್ಟ್ಯಾಂಡ್ ಹತ್ರ ಬಾಷಾ ಸಾಬ್ರು ಅಂತ ಅವ್ರೆ. ಬೀಗ ಬಿಚ್ಚೋರು. ಈಗ ಕಂಪ್ಯೂಟರೂ ಇಟ್ಕಂಡವ್ರಂತೆ’ ಎಂದಳು. ಅಮರಾಪುರದಿಂದ ಬಂದ ಬಸ್ಸು ಹತ್ತಿ ಮಡಕಶಿರಾಕ್ಕೆ ಬಂದೆವು. ಬಾಷಾ ಸಾಬರು ಅರವತ್ತರ ಹತ್ತಿರದವರು. ಸಣ್ಣ ಅಂಗಡಿ, ಗೋಡೆ ತುಂಬ ಮೊಳೆಗೆ ನೇತುಹಾಕಿದ ಕೀಲಿಕೈಗಳು. ಶೋರೂಮಿನ ಮೂರು ವಾರದ ಕಥೆ ಹೇಳಿದೆ. ಅವರು ಕನ್ನಡಕ ಏರಿಸಿ, ‘ಮೂರು ವಾರ ಯಾಕಮ್ಮ, ಮೂರು ಗಂಟೆ ಸಾಕು. ನಡೀರಿ ಬತ್ತೀನಿ’ ಎಂದರು. ಆ ಮಾತಿಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಸಲಕರಣೆಗಳ ಚೀಲ ಹೆಗಲಿಗೇರಿಸಿ ತಮ್ಮ ಸ್ಕೂಟರಿನಲ್ಲಿ ಅವರು ಮುಂದೆ, ಆಟೋದಲ್ಲಿ ನಾವು ಹಿಂದೆ.

ಹೊಲದ ಹತ್ತಿರ ಬರುವಷ್ಟರಲ್ಲಿ ಯಾರದೋ ಕುರಿಮಂದೆ ನನ್ನ ಕಾರನ್ನು ಸುತ್ತುವರಿದು ನೆರಳಿಗೆ ಮಲಗಿತ್ತು. ಎರಡು ಮರಿಗಳು ಬಾನೆಟ್ಟಿನ ಮೇಲೇ ಇದ್ದವು. ಅವುಗಳನ್ನು ಎಬ್ಬಿಸಿದೆವು. ಬಾಷಾ ಸಾಬರು ಬೀಗದೊಳಗೆ ತಂತಿಯಂಥದ್ದೇನೋ ತೂರಿಸಿ, ಕಿವಿಗೊಟ್ಟು ಕೇಳಿ, ಬಾಗಿಲು ತೆಗೆದರು. ಆಮೇಲೆ ಕಾರಿನ ಸುತ್ತ ಒಂದು ಸುತ್ತು ಬಂದು ಕೈ ಒರೆಸಿಕೊಂಡು, ‘ಆರ್‌ಸಿ ತೋರ್ಸಮ್ಮ’ ಎಂದರು.

ಡ್ಯಾಶ್‌ಬೋರ್ಡಿನಿಂದ ತೆಗೆದುಕೊಟ್ಟೆ. ಓದಿದರು. ‘ಬಸವರಾಜಪ್ಪ ಅಂತ ಐತೆ. ಯಜಮಾನ್ರಾ?’

‘ಅಲ್ಲರೀ, ಅವರ ಹತ್ರ ಕೊಂಡೀನಿ. ಹೆಸರು ಇನ್ನೂ ಬದಲಾಗಿಲ್ಲ.’

ಅವರು ಚೀಲದ ಜಿಪ್ಪು ಎಳೆದು ಮುಚ್ಚಿದರು. ‘ಹಂಗಾದ್ರೆ ಆಗಲ್ಲಮ್ಮ.’

ನನ್ನ ಕಿವಿ ಕೆಂಪಾಯಿತು. ಏನು ಆಗಲ್ಲ? ಕಳ್ಳಿ ಅಂದುಕೊಂಡಿರಾ? ನನ್ನಪ್ಪ ಇದೇ ಮಡಕಶಿರಾದಲ್ಲಿ ಮೂವತ್ತು ವರ್ಷ ಕಿರಾಣಿ ಅಂಗಡಿ ಇಟ್ಟಿದ್ದರು, ಯಾರನ್ನು ಬೇಕಾದರೂ ಕೇಳಿ, ಶೋರೂಮಿನವರದೂ ಅದೇ ಮಾತು, ನಿಮ್ಮದೂ ಅದೇ ಮಾತು, ಬಡವರು ಕಾರು ಇಟ್ಟುಕೊಳ್ಳಬಾರದಾ, ಹೆಂಗಸರು ಕಾರು ಓಡಿಸಬಾರದಾ, ಎಂದೆಲ್ಲ ಒಂದೇ ಉಸಿರಿಗೆ ಕೇಳಿದೆ. ಕುರಿ ಕಾಯುವವನು ಕೋಲೂರಿ ನಿಂತು ನೋಡುತ್ತಿದ್ದ. ನಾನು ಮುಗಿಸಿದ ಮೇಲೆ ಬಾಷಾ ಸಾಬರು ಚೀಲವನ್ನು ಬಾನೆಟ್ಟಿನ ಮೇಲಿಟ್ಟರು.

‘ಹೆಂಗಸ್ರು ಅಂತ ಅಲ್ಲಮ್ಮ’ ಎಂದರು. ‘ಈ ಕಾರಿಗೆ ಕಬ್ಬಿಣದ ಕೀ ಸಾಲಲ್ಲ. ಒಳಗೆ ಹೆಸರುಕಾಳಿನಷ್ಟು ಒಂದು ಚಿಪ್ ಇರ್ತದೆ. ಅದರ ಗುರುತು ಹತ್ತಿದ್ರೇನೇ ಎಂಜಿನ್ ಎದ್ದೇಳೋದು. ಆ ಗುರುತು ನಾನು ಕಾರಿಗೆ ಹೇಳ್ಕೊಡ್ಬೇಕು. ಮೂರು ವರ್ಷದ ಕೆಳಗೆ ಒಬ್ಬ ನಿಮ್ಮಂಗೇ ಬಂದ. ಅತ್ತ. ಹೆಂಡ್ತಿ ಆಸ್ಪತ್ರೇಲವ್ಳೆ ಅಂದ. ಮಾಡ್ಕೊಟ್ಟೆ. ಕದ್ದ ಗಾಡಿ. ಎರಡು ದಿನ ಸ್ಟೇಷನ್ ಬೆಂಚಿನ ಮೇಲೆ ಕೂತಿದ್ದೆ. ನನ್ನ ಸೊಸೆ ಊಟ ತಂದ್ಕೊಡೋಳು. ಆ ಹುಡ್ಗಿ ಮುಖ ನೋಡಕ್ಕೆ ನನ್ ಕೈಲಾಗ್ತಿರ್ಲಿಲ್ಲ. ಆರ್‌ಸಿ ಇರೋರು ಹೇಳ್ಲಿ, ಮಾಡ್ತೀನಿ.’

ಬೆಳಗಿನಿಂದ ಎಲ್ಲರ ಜೊತೆ ಜಗಳ ಮಾಡಿದ್ದೇನೆ, ಆದರೆ ಸರಿಯಾಗಿರುವವರ ಜೊತೆ ಜಗಳ ಮಾಡುವುದು ಹೇಗೆಂದು ನನಗೆ ಅಭ್ಯಾಸವಿಲ್ಲ. ಬಸವರಾಜಪ್ಪನವರಿಗೆ ಫೋನ್ ಹಚ್ಚಿದೆ. ಮುಖ ಕಾಣುವಂತೆ ವಿಡಿಯೋದಲ್ಲಿ ಬರಲಿ ಎಂದರು ಸಾಬರು. ಹೊಲದಲ್ಲಿ ವಿಡಿಯೋಗೆ ಸಾಲುವಷ್ಟು ಸಿಗ್ನಲ್ ಇಲ್ಲ. ಕೊನೆಗೆ ಬಾವಿಯ ಕಟ್ಟೆಯ ಮೇಲೆ ನಿಂತರೆ ಸಿಕ್ಕಿತು. ಅಕ್ಕ ನನ್ನ ಸೊಂಟ ಗಟ್ಟಿಯಾಗಿ ಹಿಡಿದುಕೊಂಡಳು, ಫೋನಾದರೂ ಉಳಿಯಲಿ ಎಂದು.

ಬಸವರಾಜಪ್ಪನವರು ಅಕ್ಕಿ ಮೂಟೆಗಳ ನಡುವೆ ಕೂತಿದ್ದರು. ಸಂಗತಿ ಕೇಳಿ, ‘ಗಾಡಿ ತೋರಸ್ರಿ, ನಂದೋ ಅಲ್ಲೋ ನೋಡ್ತೀನಿ’ ಎಂದರು. ಫೋನನ್ನು ಕಾರಿನ ಕಡೆ ತಿರುಗಿಸಿದೆ.

‘ಹಿಂದಿನ ಬಂಪರ್ ಬಲಗಡೆ ಒಂದು ಗೀರು ಇರಬೇಕಲ್ರಿ?’

‘ಐತೆ ಸ್ವಾಮಿ’ ಎಂದರು ಬಾಷಾ ಸಾಬರು ಕಾರಿನ ಪಕ್ಕ ನಿಂತು. ‘ಎಡಗಡೆನೂ ಐತೆ.’

‘ಎಡಗಡಿ ಇರಲಿಲ್ಲಲ್ಲ!’

‘ಮುಂದುಗಡೆ ಬಾಗಿಲು ಒಳಕ್ಕೆ ಹೋಗೈತೆ. ಕನ್ನಡೀಗೆ ದಾರ ಕಟ್ಟವ್ರೆ.’

ಫೋನಿನಲ್ಲಿ ಬಸವರಾಜಪ್ಪನವರ ಮುಖ ದೊಡ್ಡದಾಗುತ್ತಾ ಬಂತು. ‘ಏನ್ರಿ ಅಮ್ಮಾ, ನನ್ನ ಗಾಡಿಗೆ ಏನು ಮಾಡೀರ್ರಿ? ಮಗಳಂಗ ಸಾಕಿದ್ನೆಲ್ರಿ ಅದನ್ನ!’ ಎಂದರು. ಆ ದನಿ ಕೇಳಿದ ಮೇಲೆ ಬಾಷಾ ಸಾಬರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ‘ಇವ್ರದ್ದೇ ಗಾಡಿ ಬಿಡಮ್ಮ’ ಎಂದು ಚೀಲ ಬಿಚ್ಚಿದರು. ನಾನು ಫೋನಿಡುವ ಮೊದಲು ಬಸವರಾಜಪ್ಪನವರು ಇನ್ನೊಂದು ಮಾತು ಹೇಳಿದರು: ‘ಅಲ್ರಿ, ಹೊಸ ಕೀ ಯಾಕ ಮಾಡಸ್ತೀರಿ? ಎರಡನೇದು ನನ್ನ ಹತ್ರಾನೇ ಐತಿ. ಆರ್‌ಸಿ ಸಹಿಗೆ ಬಂದಾಗ ಕೊಡೋಣಂತ ಇಟ್ಟೀನಿ. ಎರಡು ವರ್ಷ ಆತು, ನೀವು ಬರಲೇ ಇಲ್ಲ.’

ಕಣೇಕಲ್ಲು ರಾಯದುರ್ಗಕ್ಕೆ ಹತ್ತಿರ. ಯಜಮಾನರು ಹೋಗಿ ಅದನ್ನು ಇಸಿದುಕೊಂಡು, ನಾಳೆ ಬಸ್ಸು ಹಿಡಿದು ತಂದುಕೊಡಬಹುದಿತ್ತು. ಖರ್ಚಿಲ್ಲ, ತೊಂದರೆಯಿಲ್ಲ. ಆದರೆ ಅದನ್ನು ಹಿಡಿದುಕೊಂಡು ಅವರು ಬಸ್ಸಿನಿಂದ ಇಳಿಯುವುದನ್ನು, ಅವರ ಮುಖದ ಮೇಲಿನ ಆ ಮೃದುತನವನ್ನು ಒಂದು ಸಲ ಕಣ್ಣಿಗೆ ತಂದುಕೊಂಡೆ. ‘ಅದು ಅಲ್ಲೇ ಇರಲಿ. ನೀವು ಮಾಡ್ರಿ’ ಎಂದೆ ಬಾಷಾ ಸಾಬರಿಗೆ.

‘ಹೊಸದನ್ನ ಹೇಳ್ಕೊಟ್ರೆ ಕಾರು ಹಳೇದನ್ನೆಲ್ಲ ಮರೆತುಬಿಡ್ತದಮ್ಮ. ಆ ಕೀ ಆಮೇಲೆ ಬರೀ ಕಬ್ಬಿಣ.’

‘ಮರೀಲಿ.’

ಬೀಗದ ಅಳತೆಗೆ ಹೊಸ ಕೀಯೊಂದನ್ನು ಅರದಿಂದ ಉಜ್ಜಿ ತಯಾರಿಸಿ, ಸ್ಟೇರಿಂಗಿನ ಕೆಳಗೆ ಎಲ್ಲೋ ಒಂದು ತಂತಿ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಲ್ಯಾಪ್‌ಟಾಪಿಗೆ ಹಚ್ಚಿ, ಅವರು ಮರದ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತರು. ಕಾರು ಸ್ವಲ್ಪ ಹೊತ್ತು ಯೋಚಿಸಬೇಕಂತೆ, ಆಗ ಮಾತಾಡಿಸಬಾರದಂತೆ. ನಾವೆಲ್ಲ ಸುಮ್ಮನೆ ನಿಂತೆವು. ಮೀಟರಿನ ಪಕ್ಕ ಒಂದು ಕೆಂಪು ದೀಪ ಮಿಣುಕುತ್ತಿತ್ತು. ಮಿಣುಕುತ್ತಲೇ ಇತ್ತು. ಮನಸ್ಸಿನಲ್ಲೇ ರಾಯದುರ್ಗದ ಬಸ್ಸಿನ ಸಮಯ ನೆನಪಾಗತೊಡಗಿ, ನನ್ನ ಮೇಲೆ ನನಗೇ ಸಿಟ್ಟು ಬಂತು. ಆಮೇಲೆ ದೀಪ ಆರಿತು. ‘ತಿರುಗ್ಸಮ್ಮ’ ಎಂದರು. ತಿರುಗಿಸಿದೆ. ಎಂಜಿನ್ ಎದ್ದಿತು. ಅಷ್ಟು ದೊಡ್ಡ ಹೆಂಗಸು ನಾನು, ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಅಕ್ಕ ಹೊರಗಿನಿಂದ ಗಾಜು ತಟ್ಟಿ ‘ಸಾಕು ಇಳಿಯೇ, ಹೊಟ್ಟೆ ಹಸೀತೈತೆ’ ಎಂದಳು.

ಮರುದಿನ ಕಾರಿನಲ್ಲೇ ರಾಯದುರ್ಗಕ್ಕೆ ಬಂದೆ. ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಕಾರನ್ನು ನೋಡಿದರು, ನನ್ನನ್ನು ನೋಡಿದರು, ‘ಕಾಫಿ ಮಾಡ್ತೀನಿ ಬಾ’ ಎಂದು ಒಳಗೆ ಹೋದರು. ಮೂವತ್ತು ವರ್ಷದ ಸಂಸಾರದಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬಂದಿಲ್ಲ.

ವಾರ ಕಳೆದು ಕಾಗದಗಳನ್ನು ಹಿಡಿದುಕೊಂಡು ಕಣೇಕಲ್ಲಿಗೆ ಹೋದೆ. ಬಸವರಾಜಪ್ಪನವರು ಮೊದಲು ನನ್ನನ್ನು ಮಾತಾಡಿಸಲಿಲ್ಲ. ಕಾರಿನ ಸುತ್ತ ನಡೆದು ಒಂದೊಂದು ಗೀರನ್ನೂ ಬೆರಳಿಂದ ಸವರಿದರು. ಆಮೇಲೆ ಎಲ್ಲ ಕಡೆ ಸಹಿ ಹಾಕಿ, ದೇವರ ಮುಂದಿಟ್ಟಿದ್ದ ಎರಡನೇ ಕೀಲಿಕೈಯನ್ನು ತಂದರು. ಕೊಡುವ ಮೊದಲು ಒಮ್ಮೆ ಕಾರಿನ ಕಡೆ ಹಿಡಿದು ಗುಂಡಿ ಒತ್ತಿದರು. ಕಾರು ಉಸಿರೆತ್ತಲಿಲ್ಲ. ‘ಬ್ಯಾಟರಿ ಹೋಗಿರಬೇಕ್ರಿ’ ಎಂದು ಒಳಗೆ ಹೋಗಿ ಹೊಸದು ಹಾಕಿಕೊಂಡು ಬಂದರು. ಒತ್ತಿದರು. ಇಲ್ಲ. ಹತ್ತಿರ ಹೋಗಿ ಒತ್ತಿದರು. ಇಲ್ಲ. ಅವರ ಮುಖ ಸಣ್ಣದಾಯಿತು. ‘ತಪ್ಪಾತ್ರಿ ಅಮ್ಮಾ. ಎರಡು ವರ್ಷ ಸುಮ್ಮನ ಇಟ್ಟು ಕೆಡಿಸಿಬಿಟ್ಟೆ ನೋಡ್ರಿ’ ಎಂದು ಕೈ ಮುಗಿದರು.

ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಯಾರಿಗೂ ಹೆದರದ ಬಾಯಿ ಅದು, ಶೋರೂಮಿಗೆ ಹೆದರಲಿಲ್ಲ, ಗಂಡನಿಗೆ ಹೆದರಲಿಲ್ಲ. ಆದರೆ ಹೊರಗೆ ಬಂದದ್ದು ಮಾತ್ರ, ‘ಇರಲಿ ಬಿಡ್ರಿ, ವಸ್ತು ಅಂದ ಮ್ಯಾಲೆ ಕೆಡತಾವ. ನೀವೇನೂ ಮನಸಿಗೆ ಹಚ್ಕೊಬ್ಯಾಡ್ರಿ’ ಎಂಬ ಮಾತು. ನನ್ನ ದೊಡ್ಡ ಮನಸ್ಸಿಗೆ ಮೆಚ್ಚಿ ಅವರು ಐದು ಸೇರು ಸೋನಾಮಸೂರಿ ಅಕ್ಕಿ ಕಟ್ಟಿಕೊಟ್ಟರು. ಬೇಡ ಎಂದೆ. ‘ಅದೆಲ್ಲ ಆಗೋದಿಲ್ರಿ, ತಗೊಳ್ರಿ’ ಎಂದರು. ಜೀವನದಲ್ಲಿ ಮೊದಲ ಸಲ, ಆಗೋದಿಲ್ಲ ಎಂದವರ ಎದುರು ಒಂದೂ ಮಾತಾಡದೆ ಚೀಲ ಎತ್ತಿಕೊಂಡು ಬಂದೆ.