ಹೊಗೆಯಿಲ್ಲದ ಬಡ್ತಿ

ಯೋರಿಸನ ಸೈಕಲ್ಲಿನ ಹಿಂಚಕ್ರಕ್ಕೆ ಅಂದು ಬೆಳಿಗ್ಗೆಯೇ ಮೊಳೆ ಹೊಕ್ಕಿತು. ಬೇರೆ ದಿನವಾಗಿದ್ದರೆ ನಡೆದುಹೋಗಿ ರೈಲು ಹತ್ತುತ್ತಿದ್ದ. ಆದರೆ ಅಂದು ರೈಲಿನವರ ಮುಷ್ಕರ. ಬೆಲ್ಜಿಯಂನಲ್ಲಿ ಮಳೆ ಹೇಳದೆ ಬರುತ್ತದೆ, ಮುಷ್ಕರ ಹೇಳಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಅದಕ್ಕೇ ಅವನು ತನ್ನೂರು ಮೆಖೆಲೆನ್‌ನಿಂದ ಇಪ್ಪತ್ತೈದು ಕಿಲೋಮೀಟರ್ ದೂರದ ಬ್ರಸೆಲ್ಸ್‌ವರೆಗೆ ಸೈಕಲ್ಲಿನಲ್ಲೇ ಹೋಗುವುದೆಂದು ರಾತ್ರಿಯೇ ತೀರ್ಮಾನಿಸಿ, ಬೇಗ ಮಲಗಿ, ಬೇಗ ಎದ್ದಿದ್ದ.

ತಡವಾಗುವಂತಿರಲಿಲ್ಲ. ಜನ ಕಾರು ಬಿಡುವುದು ಹೇಗೆ, ಊರಿನ ಹೊಗೆ ಇಳಿಸುವುದು ಹೇಗೆ ಎಂದು ಯುರೋಪಿನ ದೊಡ್ಡವರಿಗೆ ಸಲಹೆ ಬರೆದುಕೊಡುವ ಸಂಶೋಧನಾ ಸಂಸ್ಥೆಯೊಂದರಲ್ಲಿ ಅವನ ಕೆಲಸ. ಬೆಲ್ಜಿಯಂನ ಧಣಿಗಳಿಗೆ ತೆರಿಗೆ ಉಳಿಸಲು ಸಂಬಳದ ಬದಲು ಕಾರು ಕೊಡುವ ಚಾಳಿ ಇದೆಯಲ್ಲ, ಅದನ್ನು ನಿಲ್ಲಿಸದೆ ರಸ್ತೆಗಳಿಗೆ ಮುಕ್ತಿಯಿಲ್ಲ ಎಂದು ಅವನು ಬರೆದ ವರದಿಯನ್ನು ಅಂದು ಎಲ್ಲರೆದುರು ಮಂಡಿಸಬೇಕಿತ್ತು. ಅದಾದ ಮೇಲೆ ವಿಭಾಗದ ಹೊಸ ಮುಖ್ಯಸ್ಥರ ಹೆಸರು ಗೊತ್ತಾಗುವುದಿತ್ತು. ಕುರ್ಚಿಗೆ ಇಬ್ಬರು ಕಣ್ಣಿಟ್ಟಿದ್ದರು: ಯೋರಿಸ್ ಮತ್ತು ಅವನ ಎದುರು ಮೇಜಿನ ವೀರ್ಲ. ಯೋರಿಸನಿಗೆ ಕುರ್ಚಿಗಿಂತ ಅದರ ಸಂಬಳ ಬೇಕಿತ್ತು. ಮನೆಯ ಸೂರು ಸೋರುತ್ತಿತ್ತು. ಹೆಂಡತಿ ಹಿಲ್ಡ ಮಳೆ ಬಂದಾಗಲೆಲ್ಲ ಬಕೆಟ್ಟು ಹಿಡಿದು ಮಹಡಿ ಹತ್ತುವಾಗ ಅವನ ಮುಖ ನೋಡುವ ಪರಿ ಅವನಿಗಷ್ಟೇ ಗೊತ್ತು.

"ಏನೋ ಯೋರಿಸ್, ಸೈಕಲ್ ಮುಂದೆ ಹಿಂಗ್ ಕೂತಿದೀಯ, ಸಾವಿನ ಮನೇಲಿ ಕೂತಂಗೆ?" ಪಕ್ಕದ ಮನೆಯ ಕಿಟಕಿಯಿಂದ ಗೋಡಲೀವ ಅಜ್ಜಿ ಕೇಳಿದರು. ಆ ಬೀದಿಯಲ್ಲಿ ಅವರಿಗೆ ತಿಳಿಯದೆ ಬೆಕ್ಕು ಕೂಡ ಮರಿ ಹಾಕುತ್ತಿರಲಿಲ್ಲ.

ವಿಷಯ ಕೇಳಿದ್ದೇ ಅಜ್ಜಿ ಎದುರು ಮನೆಯ ಫೆರ್ನಾನನನ್ನು ಕೂಗಿ ಕರೆದರು. ಫೆರ್ನಾನ್ ಚೌಕದಲ್ಲಿ ಆಲೂಗಡ್ಡೆ ಕರಿದು ಮಾರುವವ. ಅವನ ಡೀಸೆಲ್ ವ್ಯಾನು ಊರಿಗೇ ಹಳೆಯದು.

"ಬಾರಯ್ಯ, ನಾನೂ ಆ ಕಡೆನೇ ಆಲೂಗಡ್ಡೆ ತರಕ್ಕೆ ಹೊರಟಿದೀನಿ. ಬಿಟ್ಬಿಡ್ತೀನಿ."

"ಬೇಡ ಫೆರ್ನಾನ್. ನಿಮ್ಮ ವ್ಯಾನಿಂದ ಇಳಿಯೋದ್ನ ಯಾರಾದ್ರೂ ನೋಡಿದ್ರೆ ನನ್ ಕತೆ ಮುಗೀತು."

"ನನ್ ವ್ಯಾನು ನಿಂಗೇನ್ ಮಾಡಿದೆ?"

"ಅದು ಮಾಡ್ತಿರೋದರ ಮೇಲೇ ನಾನು ಇಷ್ಟು ವರ್ಷ ಬರೀತಿರೋದು."

"ಹಂಗಿದ್ರೆ ಒಂದ್ಸಲ ಹತ್ತಿ ನೋಡೇ ಬರಿ. ಇನ್ನೂ ಚೆನ್ನಾಗಿ ಬರುತ್ತೆ," ಎನ್ನುತ್ತ ಫೆರ್ನಾನ್ ಬಾಗಿಲು ತೆಗೆದ.

ಅಷ್ಟರಲ್ಲಿ ಅಜ್ಜಿ ಕೆಳಗಿಳಿದು ಬಂದು, ಸೈಕಲ್ಲಿಗೆ ನೇತುಹಾಕಿದ್ದ ಹೆಲ್ಮೆಟ್ಟನ್ನು ಅವನ ಕಂಕುಳಿಗೆ ತುರುಕಿದರು. "ಇದನ್ನ ಹಿಡ್ಕೊಂಡು ಒಳಗೆ ಹೋಗು. ಯಾರೂ ಏನೂ ಕೇಳಲ್ಲ. ಕೇಳಿದ್ರೆ ಹೂಂ ಅನ್ನು. ಹೂಂ ಅಂದ್ರೆ ಅದೇನ್ ಸುಳ್ಳಾ?"

ವ್ಯಾನು ಕೆಮ್ಮುತ್ತ, ಉಗುಳುತ್ತ, ಹಿಂದೆ ಕರಿಮೋಡ ಬಿಡುತ್ತ ಹೊರಟಿತು. ಯೋರಿಸ್ ಸೀಟಿನಲ್ಲಿ ಕೆಳಗೆ ಜಾರಿ, ಕರಿದೆಣ್ಣೆಯ ವಾಸನೆ ಹೊಡೆಯುತ್ತಿದ್ದ ಖಾಲಿ ಆಲೂಗಡ್ಡೆ ಚೀಲವನ್ನು ಮುಖಕ್ಕೆ ಅಡ್ಡ ಹಿಡಿದು ಕೂತ. ಬ್ರಸೆಲ್ಸಿನ ಅಂಚಿಗೆ ಬಂದಾಗ ಫೆರ್ನಾನ್ ಗಕ್ಕನೆ ನಿಲ್ಲಿಸಿದ.

"ಇಳಿಯಪ್ಪ. ಇಲ್ಲಿಂದಾಚೆ ಹಳೇ ಡೀಸೆಲ್ ಗಾಡಿ ಬಿಡಲ್ಲ. ಕ್ಯಾಮೆರಾ ಇಟ್ಟವ್ರೆ. ಯಾರೋ ನಿಮ್ಮಂಥೋರೇ ಬರೆದುಕೊಟ್ಟು ಮಾಡಿಸಿರೋ ಕಾನೂನು."

ಯಾರೋ ಅಲ್ಲ, ಆ ಸಲಹೆಯಲ್ಲಿ ಯೋರಿಸನ ಕೈಯೂ ಇತ್ತು. ಈಗ ಅದೇ ಅವನ ಕಾಲಿಗೆ ಸುತ್ತಿಕೊಂಡಿತ್ತು. ಬಸ್ಸುಗಳೂ ರೈಲು ಸಿಗದ ಜನವನ್ನು ತುಂಬಿಕೊಂಡು ನಿಲ್ಲದೆ ಹೋಗುತ್ತಿದ್ದವು. ಅಷ್ಟರಲ್ಲಿ ಹೇಳದೆ ಬಂದ ಮಳೆಯಲ್ಲಿ ಯೋರಿಸ್ ಓಡಿದ. ಓಡಿ ಓಡಿ, ಬೆವರು ಮಳೆ ಬೆರೆತು, ಒದ್ದೆಕೋಳಿಯಂತಾಗಿ ಸಂಸ್ಥೆಯ ಬಾಗಿಲು ತಲುಪಿದ.

ಬಾಗಿಲಲ್ಲೇ ನಿರ್ದೇಶಕ ತಿಬೋ ನಿಂತಿದ್ದರು. ಅವರ ಪಕ್ಕದಲ್ಲಿ ಅಂದಿನ ಅತಿಥಿ, ಫಿನ್ಲೆಂಡಿನ ಆಯ್ಲಾ ಮೇಡಂ. ಯುರೋಪಿನ ಸಾರಿಗೆಯ ಹಣಕಾಸು ಅವರ ಕೈಯಲ್ಲೇ ಇತ್ತು. ತಿಬೋ ಹೆಲ್ಮೆಟ್ ನೋಡಿದರು, ಏದುಸಿರು ನೋಡಿದರು.

"ಯೋರಿಸ್, ಮೆಖೆಲೆನ್‌ನಿಂದ ಸೈಕಲ್ಲಲ್ಲಿ ಬಂದ್ರಾ? ಈ ಮಳೇಲಿ?"

"ಹೂಂ," ಎಂದ ಯೋರಿಸ್.

ಆಯ್ಲಾ ಮೇಡಂ ಅವನ ಎರಡೂ ಕೈ ಹಿಡಿದುಕೊಂಡರು. "ನಾನು ಇಷ್ಟು ವರ್ಷದಲ್ಲಿ ತಾನು ಹೇಳಿದ್ದನ್ನ ತಾನೇ ಮಾಡೋ ಸಂಶೋಧಕನ್ನ ನೋಡಿರಲಿಲ್ಲ. ಎಲ್ಲಿ ನಿಮ್ಮ ಸೈಕಲ್?"

"ಪಂಕ್ಚರ್ ಆಯ್ತು ಮೇಡಂ. ಬಿಟ್ಟು ಬಂದೆ." ಇದು ನಿಜವೇ ಆಗಿದ್ದರಿಂದ ಅವನ ದನಿಯಲ್ಲಿ ಒಳ್ಳೆ ಧೈರ್ಯವಿತ್ತು.

ವೀರ್ಲ ಹತ್ತಿರ ಬಂದು ಮೂಗರಳಿಸಿದಳು. "ಏನಿದು, ನಿನ್ ಮೇಲೆ ಕರಿದ ಆಲೂಗಡ್ಡೆ ವಾಸನೆ?"

"ದಾರೀಲಿ ತಿಂದೆ. ಅಷ್ಟು ದೂರ ತುಳೀಬೇಕಲ್ಲ."

"ಬೆಳಬೆಳಿಗ್ಗೆ ಯಾವ ಅಂಗಡಿ ತೆಗ್ದಿತ್ತು?"

"ಹಸಿದವರಿಗೆ ತೆಗ್ದಿರುತ್ತೆ ವೀರ್ಲ," ಎಂದು ಆಯ್ಲಾ ಮೇಡಮ್ಮೇ ಅವನ ಪರ ನಿಂತರು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮೇಡಂ ಬಿಡಲಿಲ್ಲ. ವರದಿಗೂ ಮೊದಲು ಸವಾರಿಯ ಅನುಭವ ಹೇಳಬೇಕೆಂದು ಅವನನ್ನು ವೇದಿಕೆ ಹತ್ತಿಸಿದರು. ಮೊದಲು ತೊದಲಿದ ಯೋರಿಸ್, ಸಭೆ ಬಾಯಿ ತೆರೆದು ಕೇಳುವುದನ್ನು ಕಂಡು ಹುರುಪಿಗೆ ಬಂದ. ಕಾಲುವೆ ದಂಡೆಯ ಎದುರುಗಾಳಿ ಬಂತು, ದಾರಿಗಡ್ಡ ಬಂದ ಬಾತುಕೋಳಿಗಳ ಸಂಸಾರ ಬಂತು, "ವಾರಕ್ಕೆರಡು ಸಲ ಹೀಗೇ ಬರ್ತೀನಿ, ಹೇಳಿಕೊಳ್ಳೋದಿಲ್ಲ ಅಷ್ಟೇ" ಎಂಬ ಮಾತೂ ಬಂತು. ಆ ಕೊನೆಯದು ಎಲ್ಲಿಂದ ಬಂತೋ ಅವನಿಗೇ ಗೊತ್ತಾಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು. ಆಮೇಲೆ ವರದಿ ನೀರು ಕುಡಿದಂತೆ ಒಳಗಿಳಿಯಿತು. ಸಂಬಳದ ಕಾರುಗಳನ್ನು ಅವನು ಝಾಡಿಸಿದ ರೀತಿಗೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಮಧ್ಯಾಹ್ನ ತಿಬೋ ಅವನನ್ನು ಕೋಣೆಗೆ ಕರೆದರು. ಆಯ್ಲಾ ಮೇಡಂ, ವೀರ್ಲ ಇಬ್ಬರೂ ಅಲ್ಲಿದ್ದರು. ವೀರ್ಲಳ ಮುಖ ಹುಣಸೆಹಣ್ಣು ತಿಂದಂತಿತ್ತು.

"ಕುರ್ಚಿ ನಿಮ್ದೇ ಯೋರಿಸ್," ಎಂದರು ತಿಬೋ.

ಯೋರಿಸನ ಕಣ್ಣ ಮುಂದೆ ಸೂರಿನ ಹೊಸ ಹೆಂಚುಗಳು ಸಾಲುಸಾಲಾಗಿ ಕೂತವು.

"ಸಂಬಳ ಏರಿಸ್ಬೇಕು ಅಂತಲೇ ಇದ್ದೆ," ತಿಬೋ ಮುಂದುವರಿಸಿದರು. "ಆದ್ರೆ ಬೆಳಿಗ್ಗೆ ನಿಮ್ಮನ್ನ ಆ ಸ್ಥಿತೀಲಿ ನೋಡಿ ಕರುಳು ಚುರ್ ಅಂತು. ನನ್ನ ಮುಖ್ಯಸ್ಥ ಹೀಗೆ ನೆನೆದು ಬರೋದಾ? ಅದಕ್ಕೇ ಏರಿಕೆಯ ದುಡ್ಡಿನ ಬದಲು ಒಂದು ಕಾರು ಕೊಡ್ತಿದೀವಿ." ಎಂದವರೇ ಕೀಲಿಯನ್ನು ಮೇಜಿನ ಮೇಲಿಟ್ಟರು.

"ಕಾರಾ? ಸಾರ್, ನನ್ನ ವರದಿ..."

"ವರದಿ ಅದ್ಭುತ. ನಾಳೆನೇ ಅಚ್ಚಿಗೆ. ಅದು ಕಾನೂನಾಗೋವರೆಗೂ ಲೆಕ್ಕಪತ್ರದವರು ಹೇಳ್ದಂಗೇ ತಾನೇ ನಡೀಬೇಕು?"

ನಾನು ಸೈಕಲ್ಲಲ್ಲಿ ಬರಲೇ ಇಲ್ಲ ಎಂದು ಹೇಳಿಬಿಡಬಹುದಿತ್ತು. ಹೇಳಿದರೆ ಕುರ್ಚಿಯೂ ಹೋಗುತ್ತಿತ್ತು. ಯೋರಿಸ್ ಉಳಿದಿದ್ದ ಒಂದೇ ನಿಜವನ್ನು ಹೇಳಿದ. "ನಂಗೆ ಕಾರು ಓಡಿಸಕ್ಕೆ ಬರಲ್ಲ ಸಾರ್."

ವೀರ್ಲಳ ಮುಖದ ಹುಳಿ ಮೆಲ್ಲಗೆ ಇಳಿಯಿತು.

"ನಂಗೆ ಬರುತ್ತೆ," ಎಂದಳು.

"ಹಾಗಾದ್ರೆ ಇವರು ಕಲಿಯೋವರೆಗೂ ನೀವೇ ಇಟ್ಕೊಳ್ಳಿ," ಎಂದು ತಿಬೋ ಕೀಲಿಯನ್ನು ಅವಳತ್ತ ತಳ್ಳಿದರು. "ಯೋರಿಸ್‌ಗೇನು, ಸೈಕಲ್ ಅಭ್ಯಾಸ ಇದ್ದೇ ಇದೆ."

ಆಯ್ಲಾ ಮೇಡಂಗೆ ಆನಂದವೋ ಆನಂದ. "ನಾಳೆನೂ ಮುಷ್ಕರ ಅಂತೆ, ಒಳ್ಳೇದೇ ಆಯ್ತು. ಬೆಳಿಗ್ಗೆ ನಿಮ್ಮ ಮನೆ ಬಾಗಿಲಿಗೇ ಕ್ಯಾಮೆರಾದವರನ್ನ ಕಳಿಸ್ತೀನಿ. ಬ್ರಸೆಲ್ಸ್‌ವರೆಗೂ ನಿಮ್ಮ ಸವಾರಿ ಚಿತ್ರ ತೆಗೀಲಿ. ಯುರೋಪ್ ಪೂರ್ತಿ ನೋಡ್ಬೇಕು."

"ಕ್ಯಾಮೆರಾದವರು ಹೇಗೆ ಹಿಂದೆ ಬರ್ತಾರೆ ಮೇಡಂ?" ಯೋರಿಸ್ ಸಣ್ಣ ದನಿಯಲ್ಲಿ ಕೇಳಿದ.

"ನಿನ್ ಕಾರಲ್ಲಿ," ಎಂದಳು ವೀರ್ಲ, ಕೀಲಿ ಎತ್ತಿಕೊಳ್ಳುತ್ತ. "ನಾನೇ ಓಡಿಸ್ತೀನಿ. ನೀನು ಅವಸರ ಮಾಡ್ಬೇಡ, ನಿಧಾನವಾಗಿ ತುಳಿ."